ಅರ್ಧ ಟಿಕೆಟ್ಟಿನ ಪುಸ್ತಕಗಳು

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಎರಡೂ ಕಡೆಯ ಮಾತನ್ನು ತಕ್ಕಡಿಯಲ್ಲಿಟ್ಟು ತೂಗುವಷ್ಟು ತಾಳ್ಮೆ ಈ ವಿಷಯದಲ್ಲಿ ನನಗಿಲ್ಲ. ಬೇಡ ಅನ್ನಿಸಿದವರು ಇಲ್ಲೇ ಎದ್ದು ಕಾಫಿಗೆ ಹೋಗಬಹುದು, ಬೇಜಾರಿಲ್ಲ.

ವಿಷಯ ಏನಪ್ಪಾ ಅಂದರೆ, ನನ್ನ ಹಾಗೆ ನಲವತ್ತು ದಾಟಿದವರು, ಕನ್ನಡಕ ಏರಿಸಿಕೊಂಡು ಸಾಲದ ಕಂತು, ಮಗಳ ಸ್ಕೂಲ್ ಫೀಸು ಅಂತ ಒದ್ದಾಡುವವರು, ಮಕ್ಕಳಿಗಾಗಿ ಬರೆದ ಫ್ಯಾಂಟಸಿ ಕಾದಂಬರಿಗಳನ್ನು ಓದಿ ಖುಷಿಪಡಬಹುದೋ ಬಾರದೋ? ಮಾಟ, ಮಂತ್ರ, ಮಾತಾಡುವ ಪ್ರಾಣಿ, ಗೋಡೆಯೊಳಗೆ ಬಾಗಿಲು ಇರುವ ಪುಸ್ತಕಗಳು. ಓದಬಹುದು ಅನ್ನೋದು ನನ್ನ ಪಕ್ಷ. ಬರೀ ಓದಬಹುದು ಅಲ್ಲ, ಕನ್ನಡದ ದೊಡ್ಡವರು ಓದಲೇಬೇಕು. ಯಾಕೆ ಅನ್ನೋದಕ್ಕೆ ನಿಧಾನವಾಗಿ ಬರ್ತೀನಿ.

ಈ ನಾಚಿಕೆ ಇಂಗ್ಲಿಷಿನವರಿಗೂ ಇದೆ. ಹ್ಯಾರಿ ಪಾಟರ್ ಮೊದಲ ಪುಸ್ತಕ ಬಂದಿದ್ದು 1997ರಲ್ಲಿ. ಮರುವರ್ಷವೇ ಬ್ಲೂಮ್ಸ್‌ಬರಿ ಪ್ರಕಾಶನದವರು ಅದೇ ಪುಸ್ತಕಕ್ಕೆ 'ದೊಡ್ಡವರ ಆವೃತ್ತಿ' ಅಂತ ತಂದರು. ಒಳಗೆ ಒಂದಕ್ಷರ ಬದಲಾಗಿರಲಿಲ್ಲ. ಬಣ್ಣಬಣ್ಣದ ಚಿತ್ರದ ಮುಖಪುಟ ತೆಗೆದು ಕಪ್ಪುಬಿಳುಪು ರೈಲಿನ ಫೋಟೋ ಹಾಕಿದರು, ಅಷ್ಟೇ. ಆಫೀಸಿಗೆ ಹೋಗುವ ದಾರಿಯಲ್ಲಿ ರೈಲಲ್ಲಿ ಕೂತು ಓದೋರಿಗೆ ಪಕ್ಕದವರ ಕಣ್ಣು ತಪ್ಪಿಸಬೇಕಿತ್ತಲ್ಲ! ನಾಚಿಕೆ ಅನ್ನೋದು ಎಷ್ಟು ತೆಳ್ಳಗಿನ ವಸ್ತು ನೋಡಿ, ಒಂದು ರಟ್ಟಿನ ದಪ್ಪ.

2003ರಲ್ಲಿ ಎ.ಎಸ್. ಬಯಟ್ ಅನ್ನುವ ದೊಡ್ಡ ಕಾದಂಬರಿಕಾರ್ತಿ ನ್ಯೂಯಾರ್ಕ್ ಟೈಮ್ಸಿನಲ್ಲಿ ಪಾಟರ್ ಓದುವ ದೊಡ್ಡವರನ್ನು ಚೆನ್ನಾಗಿ ಬೈದರು. ಇವರೆಲ್ಲ ಬಾಲ್ಯದ ಹೊದಿಕೆಯೊಳಗೆ ಮುದುಡಿಕೊಳ್ಳೋಕೆ ಹೋಗೋರು ಅಂತ ಅವರ ಮಾತಿನ ಸಾರ. ಆ ಲೇಖನವನ್ನು ಅರ್ಧ ಓದಿದವರು ಇವತ್ತಿಗೂ ಅದನ್ನೇ ಎತ್ತಿ ಹೇಳುತ್ತಾರೆ. ಪೂರ್ತಿ ಓದಿದರೆ ತಮಾಷೆ ಇದೆ. ಅದೇ ಲೇಖನದಲ್ಲಿ ಬಯಟ್ ಅವರು ಅರ್ಸುಲಾ ಲೆ ಗ್ವಿನ್, ಆಲನ್ ಗಾರ್ನರ್, ಸೂಸನ್ ಕೂಪರ್ ಇಂಥವರನ್ನು ಮೆಚ್ಚಿ ಬರೆಯುತ್ತಾರೆ. ಇವರೆಲ್ಲ ಮಕ್ಕಳಿಗೆ ಫ್ಯಾಂಟಸಿ ಬರೆದವರೇ ತಾನೇ? ಅಂದರೆ ಆ ಅಮ್ಮನ ಸಿಟ್ಟು ಇದ್ದಿದ್ದು ರೌಲಿಂಗ್ ಬರವಣಿಗೆಯ ಮೇಲೆ, ಮಕ್ಕಳ ಪುಸ್ತಕದ ಮೇಲಲ್ಲ. ರೌಲಿಂಗ್ ಬಗ್ಗೆ ನನಗೂ ದೂರಿದೆ. ಕೊನೇ ಮೂರು ಪುಸ್ತಕ ಇಟ್ಟಿಗೆ ಗಾತ್ರ ಆಗುವ ಅಗತ್ಯ ಇರಲಿಲ್ಲ. ಆದರೆ ಅದು ಒಂದು ಪುಸ್ತಕದ ಮೇಲಿನ ತಕರಾರು. ಜಾತಿಗೇ ಬಹಿಷ್ಕಾರ ಹಾಕೋದು ಬೇರೆ.

ಅದಿರಲಿ, ಇಂಗ್ಲೆಂಡಿನವರ ಪಾಡು ಅವರಿಗೆ. ನಮ್ಮೂರಿಗೆ ಬರೋಣ.

ನಮ್ಮೂರು ಅಂದರೆ ಬಂದಳಿಕೆ ಕಡೆ. ಶಿಕಾರಿಪುರ ತಾಲ್ಲೂಕು, ಸೊರಬಕ್ಕೂ ಹತ್ತಿರ. ಬಂದಳಿಕೆ ಅಂದರೆ ಗೊತ್ತಲ್ಲ, ಬೇರೆ ಮರದ ಕೊಂಬೆ ಮೇಲೆ ಬೇರೂರಿ ಅದರ ರಸ ಹೀರಿ ಬದುಕುವ ಗಿಡಕ್ಕೂ ಅದೇ ಹೆಸರು. ಮಕ್ಕಳ ಸಾಹಿತ್ಯ ಅನ್ನೋದು ದೊಡ್ಡ ಸಾಹಿತ್ಯದ ಮರಕ್ಕೆ ಹಿಡಿದ ಬಂದಳಿಕೆ ಅಂತ ತಿಳಿದವರು ಬಹಳ ಜನ ಇದ್ದಾರೆ. ಊರಿನ ಹೆಸರೇ ಅದಾಗಿರೋದರಿಂದ ನನಗೆ ಅವರ ಮೇಲೆ ಒಂದು ಪಾಲು ಜಾಸ್ತಿ ಸಿಟ್ಟು :-)

ಅಂಥವರಲ್ಲಿ ನಮ್ಮ ಸೋದರಮಾವ ಒಬ್ಬರು. ಕನ್ನಡ ಉಪನ್ಯಾಸಕರಾಗಿ ನಿವೃತ್ತರಾದವರು, ಹಳಗನ್ನಡ ನಾಲಿಗೆ ತುದಿಯಲ್ಲಿದೆ. ಒಂದು ದೀಪಾವಳಿಗೆ ಊರಿಗೆ ಹೋದಾಗ ಜಗಲಿ ಮೇಲೆ ಕೂತು ಲೆ ಗ್ವಿನ್ ಬರೆದ ಅರ್ಥ್‌ಸೀ ಸರಣಿಯ ಮೊದಲನೇದು ಓದ್ತಾ ಇದ್ದೆ. ಮಾವ ಬಂದು ಕೈಯಿಂದ ತಗೊಂಡು ತಿರುಗಿಸಿ ನೋಡಿದರು.

"ಮಗಳದ್ದೇನೋ?"

"ಅಲ್ಲ ಮಾವ, ನಂದೇ. ಮಾಟ ಕಲಿಯೋ ಹುಡುಗನ ಕತೆ."

"ಮೀಸೆ ಬೆಳ್ಳಗಾಯ್ತಲ್ಲೋ ಮಾರಾಯ. ಇನ್ನೂ ಮಂತ್ರದಂಡ ಹಿಡ್ಕಂಡು ಕೂತಿದೀಯ?"

ಸುತ್ತ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಾವನ ಮುಂದೆ ಇನ್ನೇನು ಮಾಡೋದು. ಆದರೆ ಅದೇ ದಿನ ಸಂಜೆ ಅದೇ ಜಗಲಿ ಮೇಲೆ ಮಾವ ಒಂದು ಗಂಟೆ ಹೊತ್ತು ಹರಿಹರನ ಪ್ರಭುದೇವರ ರಗಳೆ ಬಗ್ಗೆ ಮಾತಾಡಿದರು. ಅದ್ಭುತವಾಗಿ ಮಾತಾಡಿದರು, ಅದನ್ನು ಒಪ್ಪಲೇಬೇಕು. ನಮ್ಮ ತಾಲ್ಲೂಕಿನದ್ದೇ ಬಳ್ಳಿಗಾವಿಯ ಅಲ್ಲಮ. ಮದ್ದಲೆ ಬಾರಿಸುವ ಹುಡುಗ, ಕಾಮಲತೆಯನ್ನು ಮೆಚ್ಚಿ ಮೈಮರೆತವನು. ಅವಳು ಜ್ವರ ಬಂದು ಸತ್ತುಹೋಗುತ್ತಾಳೆ. ಇವನು ಹುಚ್ಚನ ಹಾಗೆ ಅಲೆದು ಊರಾಚೆ ತೋಟವೊಂದರಲ್ಲಿ ಕೂರುತ್ತಾನೆ. ಸುಮ್ಮನೆ ಕಾಲುಗುರಿನಲ್ಲಿ ನೆಲ ಕೆರೆಯುತ್ತಾ ಇದ್ದರೆ ಮಣ್ಣೊಳಗಿಂದ ಚಿನ್ನದ ಕಳಶ ಕಾಣಿಸುತ್ತದೆ! ಅಗೆದರೆ ಹೂತುಹೋದ ಇಡೀ ಗುಡಿ. ಮುಚ್ಚಿದ ಬಾಗಿಲು. ಒದ್ದು ಒಳಗೆ ಹೋದರೆ ಅಲ್ಲಿ ಅನಿಮಿಷಯ್ಯ, ಕಣ್ಣು ಮಿಟುಕಿಸದೆ ಕೈಯಲ್ಲಿ ಲಿಂಗ ಹಿಡಿದು ಕೂತಿದ್ದಾನೆ.

ಕೇಳ್ತಾ ಕೇಳ್ತಾ ನನಗೆ ಮೈ ಜುಮ್ಮೆಂದಿತು. ಆಮೇಲೆ ನಿಧಾನಕ್ಕೆ ಹೇಳಿದೆ. "ಮಾವ, ನೆಲದೊಳಗೆ ಗುಪ್ತ ಬಾಗಿಲು, ಅದರಾಚೆ ಇನ್ನೊಂದು ಲೋಕ, ಒಳಗೊಬ್ಬ ಸಿದ್ಧ, ಅವನ ಕೈಯಲ್ಲೊಂದು ಶಕ್ತಿಯ ವಸ್ತು, ಅದನ್ನ ತಗೊಳ್ಳೋ ದುಃಖದ ಹುಡುಗ. ಬೆಳಿಗ್ಗೆ ನೀವು ಕಿತ್ಕೊಂಡ್ರಲ್ಲ, ಆ ಪುಸ್ತಕದ ಜಾತಿಯದ್ದೇ ಅಲ್ವಾ ಇದು?"

"ಅದು ಬೇರೆ. ಇದರಲ್ಲಿ ತತ್ತ್ವ ಇದೆ."

ಹಂಗಾದ್ರೆ ಕೇಳಿ ಮಾವ ಅಂತ ಆ ಕತೆಯನ್ನೂ ಹೇಳಿದೆ. ಗೆಡ್ ಅನ್ನುವ ಆಡು ಕಾಯೋ ಹುಡುಗ, ಮಂತ್ರಶಕ್ತಿ ಇರುವವನು, ಮಹಾ ಜಂಬದವನು. ಗುರುಕುಲದಲ್ಲಿ ಇನ್ನೊಬ್ಬ ಹುಡುಗನ ಮುಂದೆ ದೊಡ್ಡಸ್ತಿಕೆ ತೋರಿಸೋಕೆ ಹೋಗಿ ಸತ್ತವರನ್ನು ಕರೆಯುವ ಮಂತ್ರ ಹೇಳುತ್ತಾನೆ. ಆ ಸಂದಿಯಿಂದ ಕರೀ ನೆರಳೊಂದು ಹೊರಗೆ ಬಂದು ಅವನ ಬೆನ್ನು ಹತ್ತುತ್ತದೆ. ದ್ವೀಪದಿಂದ ದ್ವೀಪಕ್ಕೆ ಓಡುತ್ತಾನೆ. ಓಡಿದಷ್ಟೂ ಅದಕ್ಕೆ ಬಲ. ಕೊನೆಗೆ ಗುರುವಿನ ಮಾತು ಕೇಳಿ ತಿರುಗಿ ನಿಂತು ತಾನೇ ಅದನ್ನು ಬೆನ್ನಟ್ಟುತ್ತಾನೆ. ಎದುರಾದಾಗ ಅದನ್ನು ಯಾವ ಹೆಸರಿಂದ ಕರೆಯುತ್ತಾನೆ ಗೊತ್ತಾ? ತನ್ನದೇ ಹೆಸರಿಂದ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಹಂಗಿದ್ರೆ ಅದು ಮಕ್ಕಳ ಪುಸ್ತಕ ಅಲ್ಲ ಬಿಡು."

ನೋಡಿದ್ರಾ! ಇದೇ ನನಗೆ ಮೈಯುರಿಸುವ ಮಾತು. ಚೆನ್ನಾಗಿದ್ದರೆ ಅದು ಮಕ್ಕಳ ಪುಸ್ತಕ ಅಲ್ಲ. ಮಕ್ಕಳ ಪುಸ್ತಕ ಅಂದಮೇಲೆ ಚೆನ್ನಾಗಿರೋಕೆ ಸಾಧ್ಯ ಇಲ್ಲ. ಈ ಪಂದ್ಯದಲ್ಲಿ ಮಕ್ಕಳ ಪುಸ್ತಕ ಗೆಲ್ಲೋದು ಹೇಗೆ ಸ್ವಾಮೀ? ಗೆದ್ದ ತಕ್ಷಣ ಅದನ್ನು ಎದುರು ತಂಡಕ್ಕೆ ಸೇರಿಸಿಕೊಂಡು ಬಿಡ್ತೀರಲ್ಲ. ಅರ್ಥ್‌ಸೀ 1968ರಲ್ಲಿ ಬಂತು. ಪಾರ್ನಾಸಸ್ ಅನ್ನುವ ಪ್ರಕಾಶನದವರು ಹರೆಯಕ್ಕೆ ಬರುತ್ತಿರುವ ಮಕ್ಕಳಿಗೆ ಒಂದು ಪುಸ್ತಕ ಬರೆದುಕೊಡಿ ಅಂತ ಕೇಳಿದ್ದಕ್ಕೇ ಲೆ ಗ್ವಿನ್ ಅದನ್ನು ಬರೆದಿದ್ದು. ಮಕ್ಕಳಿಗೆ ಅಂತ ಹೇಳಿ ಮಾಡಿಸಿದ ಅಂಗಿ. ನಿಮ್ಮ ಮೈಗೂ ಆಗುತ್ತೆ ಅಂದ ಮಾತ್ರಕ್ಕೆ ಅದು ಮಕ್ಕಳದ್ದಲ್ಲ ಅನ್ನೋದು ಯಾವ ನ್ಯಾಯ?

ಇನ್ನೊಂದು ಸಂಗತಿ. ಕನ್ನಡದ ಪಂಚತಂತ್ರ ಬರೆದ ದುರ್ಗಸಿಂಹ ಏನು ಕೆಲಸದಲ್ಲಿದ್ದ ಗೊತ್ತೇ? ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿ. ಅಂದರೆ ಯುದ್ಧ ಯಾರ ಜೊತೆ, ರಾಜಿ ಯಾರ ಜೊತೆ ಅಂತ ನೋಡಿಕೊಳ್ಳುವ ಮಂತ್ರಿ. ಹನ್ನೊಂದನೇ ಶತಮಾನದ ಆ ಮನುಷ್ಯ ರಾಜ್ಯದ ತಲೆನೋವಿನ ನಡುವೆ ಕೂತು ನರಿ, ಎತ್ತು, ಸಿಂಹ ಮಾತಾಡುವ ಕತೆಗಳನ್ನು ಚಂಪೂ ಮಾಡಿದ. ಮೂಲದಲ್ಲಿ ಅದು ರಾಜಕುಮಾರರಿಗೆ ಪಾಠ ಹೇಳೋಕೆ ಹುಟ್ಟಿದ ಕತೆ, ಅಂದರೆ ಮಕ್ಕಳದ್ದು. ಅದನ್ನು ಓದಿ ತಲೆದೂಗಿದ್ದು ಆಸ್ಥಾನದ ದೊಡ್ಡವರು. ಇನ್ನು ಚಂದಮಾಮದಲ್ಲಿ ನಾವೆಲ್ಲ ಮಕ್ಕಳ ಕತೆ ಅಂತ ಓದಿದ ಬೇತಾಳನದ್ದು ಇದರ ಉಲ್ಟಾ. ಕಥಾಸರಿತ್ಸಾಗರವನ್ನು ಸೋಮದೇವ ಬರೆದಿದ್ದು ಕಾಶ್ಮೀರದ ರಾಣಿ ಸೂರ್ಯಮತಿಯ ಮನಸ್ಸಿನ ಸಮಾಧಾನಕ್ಕೆ. ಮಕ್ಕಳದ್ದು ದೊಡ್ಡವರಿಗೆ, ದೊಡ್ಡವರದ್ದು ಮಕ್ಕಳಿಗೆ, ಹೀಗೆ ಕೈ ಬದಲಾಯಿಸುತ್ತಲೇ ಕತೆಗಳು ಬದುಕಿದ್ದು.

ಬಂದಳಿಕೆಯ ಸೋಮೇಶ್ವರ ಗುಡಿಗೆ ಹೋದರೆ ಬಾಗಿಲ ಎರಡು ಪಕ್ಕದಲ್ಲೂ ಕಲ್ಲಿನ ಜಾಲರಿ ಇದೆ. ಅದರಲ್ಲಿ ರಾಮಾಯಣ, ಮಹಾಭಾರತದ ಪುಟ್ಟ ಪುಟ್ಟ ಕೆತ್ತನೆಗಳು. ಇವತ್ತಿನ ಮಾತಲ್ಲಿ ಹೇಳೋದಾದರೆ ಕಾಮಿಕ್ಸ್. ಕೈಗೆಟಕುವ ಸಾಲು ಮಕ್ಕಳಿಗೆ, ಮೇಲಿನ ಸಾಲು ದೊಡ್ಡವರಿಗೆ ಅಂತ ಆ ಶಿಲ್ಪಿ ಏನೂ ಗೆರೆ ಎಳೆದಿಲ್ಲ.

ಈಗಲೂ ನಮ್ಮವರು ಫ್ಯಾಂಟಸಿ ನೋಡೋದಿಲ್ಲವಾ? ಸೊರಬ, ಸಾಗರದ ಕಡೆ ಯಕ್ಷಗಾನ ಮೇಳ ಬಂದರೆ ಬೆಳತನಕ ಕೂತು ಹತ್ತು ತಲೆ ರಾವಣನನ್ನು ನೋಡುವವರು ಮಕ್ಕಳಲ್ಲ, ಮಕ್ಕಳು ಹನ್ನೊಂದು ಗಂಟೆಗೇ ಚಾಪೆ ಮೇಲೆ ಮಲಗಿರ್ತವೆ. ಬೆಂಗಳೂರಿನ ರಂಗಶಂಕರದಲ್ಲಿ ಕಾರ್ನಾಡರ ನಾಗಮಂಡಲಕ್ಕೆ ಟಿಕೆಟ್ ತಗೊಂಡು ಹೋಗುವವರು ಬುದ್ಧಿಜೀವಿಗಳು. ಹಾವು ಗಂಡನ ರೂಪದಲ್ಲಿ ಮನೆಯೊಳಗೆ ಬರುವ ಆ ಕತೆಯನ್ನು ಕಾರ್ನಾಡರು ಕೇಳಿದ್ದು ಎ.ಕೆ. ರಾಮಾನುಜನ್ ಅವರಿಂದ. ರಾಮಾನುಜನ್ ಸಂಗ್ರಹಿಸಿದ ಇಂಥ ಕತೆಗಳೆಲ್ಲ ಅಡುಗೆಮನೆಯಲ್ಲಿ ಅಜ್ಜಿಯರು ಮಕ್ಕಳಿಗೆ ಕೈತುತ್ತು ಹಾಕುತ್ತಾ ಹೇಳುತ್ತಿದ್ದ ಜಾತಿಯವು. ಅದೇ ಹಾವು ನಾಟಕದ ಮೇಲೆ ಹರಿದರೆ ಕಲೆ, ಮಕ್ಕಳ ಕಾದಂಬರಿಯಲ್ಲಿ ಹರಿದರೆ ಪೋರತನ!

ತೇಜಸ್ವಿಯವರ ಕರ್ವಾಲೋ (1980) ತಗೊಳ್ಳಿ. ಒಬ್ಬ ವಿಜ್ಞಾನಿ, ಒಬ್ಬ ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ಯಾರ, ಫೋಟೋ ತೆಗೆಯುವ ಪ್ರಭಾಕರ, ಜೊತೆಗೊಂದು ನಾಯಿ ಕಿವಿ. ಎಲ್ಲ ಸೇರಿ ದಟ್ಟ ಕಾಡಿಗೆ ಹೊರಟು ಯುಗಯುಗಗಳ ಹಿಂದಿನ ಹಾರುವ ಓತಿಯನ್ನು ಹುಡುಕುತ್ತಾರೆ. ಇದಕ್ಕಿಂತ ಪಕ್ಕಾ ಹುಡುಗರ ಸಾಹಸ ಕತೆಯ ಅಚ್ಚು ಇನ್ಯಾವುದಿದೆ? ನಾನು ಎಂಟನೇ ಕ್ಲಾಸಲ್ಲಿ ಓದಿದಾಗ ಓತಿಗಾಗಿ ಓದಿದೆ. ಮೂವತ್ತಾದಾಗ ಮಂದಣ್ಣನಿಗಾಗಿ ಓದಿದೆ. ಅದರ ಮೇಲೆ 'ಮಕ್ಕಳ ಸಾಹಸ ಕಾದಂಬರಿ' ಅಂತ ಅಚ್ಚು ಹಾಕಿ ಬಿಟ್ಟಿದ್ದರೆ ನಮ್ಮ ವಿಮರ್ಶಕರಲ್ಲಿ ಎಷ್ಟು ಜನ ಮುಟ್ಟುತ್ತಿದ್ದರು ಹೇಳಿ.

ಬಸ್ಸಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಇದೆಯಲ್ಲ, ನಮ್ಮ ಸಾಹಿತ್ಯ ಲೋಕದ ಲೆಕ್ಕವೂ ಅದೇ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಒಳ್ಳೆಯದೇ. ದೊಡ್ಡ ಪ್ರಶಸ್ತಿ ಒಂದು ಲಕ್ಷ ರೂಪಾಯಿ, ಮಕ್ಕಳದ್ದು ಐವತ್ತು ಸಾವಿರ. ಸರಿಯಾಗಿ ಅರ್ಧ! ಕಂಡಕ್ಟರ್ ಕೂಡ ಇಷ್ಟು ನಿಖರವಾಗಿ ಹರಿಯೋದಿಲ್ಲ. ದುಡ್ಡಿನ ಮಾತು ಬಿಡಿ, ಓದುಗರ ಕತೆ ನೋಡಿ. ನಮ್ಮ ಜಿಲ್ಲೆಯವರೇ ಆದ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. 'ದ್ವೀಪ', 'ಕಾಡಿನ ಬೆಂಕಿ' ಅಂದರೆ ಎಲ್ಲರೂ ಹೂಂ ಅಂತಾರೆ, ಸಿನಿಮಾ ಆಗಿವೆಯಲ್ಲ. 2011ರಲ್ಲಿ ಅವರಿಗೆ ಬಾಲ ಪುರಸ್ಕಾರ ತಂದುಕೊಟ್ಟ 'ಮುಳುಗಡೆಯ ಊರಿಗೆ ಬಂದವರು' ಓದಿದ ದೊಡ್ಡವರು ಎಷ್ಟಿದ್ದೀರಿ, ಕೈ ಎತ್ತಿ. ನಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ 2022ರಲ್ಲಿ ಅದೇ ಪುರಸ್ಕಾರ ಬಂತು. ನಿಮ್ಮ ಮನೆಯ ಕಪಾಟಿನಲ್ಲಿದೆಯಾ? ಇದ್ದರೂ ಮಗುವಿನ ಕಪಾಟಿನಲ್ಲಿರುತ್ತೆ, ನಿಮ್ಮದರಲ್ಲಿ ಅಲ್ಲ.

ಹಿಂದಿನವರಿಗೆ ಈ ರೋಗ ಇರಲಿಲ್ಲ. ಕುವೆಂಪು ಬೊಮ್ಮನಹಳ್ಳಿಯ ಕಿಂದರಿಜೋಗಿ ಬರೆದರು. ಕಾರಂತರು ಬಾಲ ಪ್ರಪಂಚ ಮಾಡಿದರು. ಅನರ್ಥಕೋಶ ಬರೆದು ದೊಡ್ಡವರನ್ನೆಲ್ಲ ನಗಿಸಿದ ನಾ. ಕಸ್ತೂರಿಯವರು ಆಲಿಸಳನ್ನು ಕನ್ನಡಕ್ಕೆ ಕರೆದುಕೊಂಡು ಬಂದು 'ಪಾತಾಳದಲ್ಲಿ ಪಾಪಚ್ಚಿ' ಅಂತ ನಾಮಕರಣ ಮಾಡಿದರು (ಈ ಹೆಸರಿಗೇ ನಾನು ಪೂರ್ತಿ ಟಿಕೆಟ್ ಕೊಡ್ತೀನಿ). ರಾಜರತ್ನಂ ಅವರಂತೂ ಒಂದು ಕೈಯಲ್ಲಿ ಕುಡುಕ ರತ್ನನ ಪದ, ಇನ್ನೊಂದು ಕೈಯಲ್ಲಿ ತುತ್ತೂರಿ. ಯಾವ ಕೈಗೂ ನಾಚಿಕೆ ಆಗಲಿಲ್ಲ.

ಈಗ ನನ್ನ ಸ್ವಂತ ಅನುಭವದ ಒಂದು ಮಾತು. ಮಕ್ಕಳ ಪುಸ್ತಕದಲ್ಲಿ ದೊಡ್ಡವರಿಗೆ ಏನಿದೆ ಅಂತ ಕೇಳೋರಿಗೆ ಇದು ಉತ್ತರ.

ನಾನು ಶಿವಮೊಗ್ಗದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ರಾತ್ರಿ ಊಟ ಆದಮೇಲೆ ಮಗಳಿಗೆ ಕತೆ ಹೇಳೋದು ವಾಡಿಕೆ. ಒಮ್ಮೆ ಮಿಖಾಯೆಲ್ ಎಂಡೆಯ 'ಮೋಮೋ' ಹಿಡಿದೆವು. 1973ರ ಜರ್ಮನ್ ಪುಸ್ತಕ. ಇಂಗ್ಲಿಷಲ್ಲಿ ಓದಿಕೊಂಡು ಅವಳಿಗೆ ಕನ್ನಡದಲ್ಲಿ ಹೇಳ್ತಾ ಹೋದೆ. ಅದರಲ್ಲಿ ಬೂದು ಬಣ್ಣದ ಮನುಷ್ಯರು ಬರುತ್ತಾರೆ. ಬೂದು ಕೋಟು, ಬೂದು ಟೋಪಿ, ಬಾಯಲ್ಲಿ ಸದಾ ಬೂದು ಚುಟ್ಟಾ. ಜನರ ಸಮಯ ಕದಿಯುವವರು. ಫೂಸಿ ಅನ್ನುವ ಕ್ಷೌರಿಕನ ಅಂಗಡಿಗೆ ಒಬ್ಬ ಬಂದು ಕನ್ನಡಿ ಮೇಲೆ ಲೆಕ್ಕ ಬರೀತಾನೆ. ಎಪ್ಪತ್ತು ವರ್ಷ ಬದುಕಿದರೆ ಒಟ್ಟು 220,75,20,000 ಸೆಕೆಂಡು ನಿನ್ನ ಆಸ್ತಿ. (ಲೆಕ್ಕದವನಲ್ಲವಾ, ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಸರಿಯಾಗಿದೆ.) ಅದರಲ್ಲಿ ನಿದ್ದೆಗೆ ಇಷ್ಟು ಕಳೆ, ಊಟಕ್ಕೆ ಇಷ್ಟು ಕಳೆ. ಆಮೇಲೆ, ನಿನ್ನ ಮುದಿ ತಾಯಿ ಜೊತೆ ದಿನಾ ಒಂದು ಗಂಟೆ ಕೂತು ಮಾತಾಡ್ತೀಯಲ್ಲ, ಅವಳಿಗೆ ಕಿವಿ ಕೇಳಲ್ಲ, ಅದು ದಂಡ, ಕಳೆ. ಕಾಲಿಲ್ಲದ ಹುಡುಗಿಯೊಬ್ಬಳಿಗೆ ದಿನಾ ಹೂವು ತಗೊಂಡು ಹೋಗ್ತೀಯ, ಅದೂ ದಂಡ, ಕಳೆ. ಕಳೆದು ಕಳೆದು ಕೊನೆಗೆ ಉಳಿಯೋದು ಸೊನ್ನೆ. ಹೆದರಿದ ಫೂಸಿ ಸಮಯ ಉಳಿಸೋಕೆ ಶುರು ಮಾಡ್ತಾನೆ. ಅಮ್ಮನನ್ನು ಕಡಿಮೆ ದುಡ್ಡಿನ ವೃದ್ಧಾಶ್ರಮಕ್ಕೆ ಸೇರಿಸ್ತಾನೆ.

ಮಗಳು ಬೂದು ಮನುಷ್ಯ ಹೊಗೆ ಬಿಡೋದನ್ನು ನಾನು ಅಭಿನಯಿಸಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. "ಆಮೇಲೆ ಹೇಳಪ್ಪಾ" ಅಂದಳು. ನನಗೆ ಮಾತು ಹೊರಡಲಿಲ್ಲ.

ನಮ್ಮಮ್ಮ ಊರಲ್ಲಿ ಒಬ್ಬಳೇ ಇದ್ದಾಳೆ. ಪೇಟೆಗೆ ಬರೋದಿಲ್ಲ ಅಂತ ಹಟ. ಕಿವಿ ಮಂದ, ಹೇಳಿದ್ದನ್ನೇ ಹೇಳುತ್ತಾಳೆ, ಹೋದ ಸಲ ಕೇಳಿದ ದನದ ಕತೆಯನ್ನೇ ಈ ಸಲವೂ ಕೇಳಬೇಕು. ತಿಂಗಳಿಗೆ ಎರಡು ಭಾನುವಾರ ಹೋಗಿ ಕೂತು ಬರುತ್ತೇನೆ. ಆಫೀಸಲ್ಲಿ ಒಬ್ಬರು ತುಂಬಾ ಕಾಳಜಿಯಿಂದಲೇ ಕೇಳುತ್ತಾರೆ, "ಫೋನ್ ಮಾಡಿದ್ರೆ ಆಗಲ್ವಾ? ಆ ಎರಡು ಭಾನುವಾರ ಯಾವುದಾದ್ರೂ ಪ್ರೈವೇಟ್ ಲೆಕ್ಕ ಹಿಡಿದ್ರೆ ವರ್ಷಕ್ಕೆ ಎಷ್ಟಾಯ್ತು ಗೊತ್ತಾ?" ಗೊತ್ತು ಸ್ವಾಮಿ, ಲೆಕ್ಕ ಬರುತ್ತೆ ನನಗೆ. ಆ ಮಾತು ಕೇಳಿದಾಗೆಲ್ಲ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತಿತ್ತು, ಅದು ಏನು ಅಂತ ಹೆಸರು ಹಿಡಿದು ಹೇಳೋಕೆ ಬರುತ್ತಿರಲಿಲ್ಲ. ಎಂಡೆ ಅದಕ್ಕೊಂದು ಬೂದು ಟೋಪಿ ಹಾಕಿ ಕೂರಿಸಿಬಿಟ್ಟ. ಈಗ ಆ ಮನುಷ್ಯ ಮಾತು ಶುರು ಮಾಡಿದ ಕೂಡಲೇ ನನಗೆ ಚುಟ್ಟಾ ವಾಸನೆ ಬರುತ್ತೆ.

ಈ ಅಧ್ಯಾಯ ಹನ್ನೊಂದು ವರ್ಷದ ಹುಡುಗಿಗೆ ತಮಾಷೆ. ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿರುವವರಿಗೆ ಮಾತ್ರ ಅದು ಚುಚ್ಚುವುದು. ಬರೆದವನಿಗೆ ಇದು ಗೊತ್ತಿಲ್ಲದೆ ಇರುತ್ತಾ? ಮಕ್ಕಳಿಗೆ ಬರೆಯೋನು ಪಕ್ಕದಲ್ಲಿ ಕೂತು ಓದಿ ಹೇಳುವ ದೊಡ್ಡವನಿಗೂ ಬರೆದಿರುತ್ತಾನೆ. ನೀವು ಎದ್ದು ಹೋದರೆ ನಿಮ್ಮ ಪಾಲಿನ ಅರ್ಧ ಅಲ್ಲೇ ಉಳಿಯುತ್ತೆ.

ನನ್ನ ಪಕ್ಷದವರದ್ದೇ ಒಂದು ಮಾತು ನನಗೆ ಸರಿಬರೋದಿಲ್ಲ, ಅದನ್ನೂ ಹೇಳಿಬಿಡ್ತೀನಿ. 'ನಿಮ್ಮೊಳಗಿನ ಮಗುವನ್ನು ಉಳಿಸಿಕೊಳ್ಳಿ' ಅನ್ನುವ ಪಂಗಡ ಇದೆ. ನಲವತ್ತನೇ ವಯಸ್ಸಿಗೆ ಹಾಗ್ವಾರ್ಟ್ಸಿನ ಯಾವ ಮನೆ ನಂದು ಅಂತ ಹುಡುಕೋದು, ಮಫ್ಲರ್ ಕೊಳ್ಳೋದು, ಅದೇ ಏಳು ಪುಸ್ತಕವನ್ನು ಹದಿನೇಳನೇ ಸಲ ಓದಿ ಬೇರೆ ಏನೂ ಮುಟ್ಟದೆ ಇರೋದು. ಇವರ ಮೇಲೆ ಬಯಟ್ ಅಮ್ಮನ ಸಿಟ್ಟು ಬಿದ್ದರೆ ನಾನು ಅಡ್ಡ ಹೋಗಲ್ಲ. ನನ್ನೊಳಗೆ ಮಗು ಗಿಗು ಏನೂ ಇಲ್ಲ, ಇರೋದು ಬಿ.ಪಿ. ಮತ್ತು ಮನೆ ಸಾಲ. ನಾನು ಈ ಪುಸ್ತಕಗಳನ್ನು ದೊಡ್ಡವನಾಗಿಯೇ ಓದೋದು. ಭೈರಪ್ಪ ಓದಿದ ಕನ್ನಡಕದಲ್ಲೇ ಓದೋದು.

ಈಗ ಕನ್ನಡದ ದೊಡ್ಡವರು ಓದಲೇಬೇಕು ಅಂದೆನಲ್ಲ, ಆ ಮಾತಿಗೆ ಬರ್ತೀನಿ.

ಕನ್ನಡದಲ್ಲಿ ಮಗು ಪುಸ್ತಕ ಕೊಳ್ಳೋದಿಲ್ಲ, ಅಪ್ಪ ಅಮ್ಮ ಕೊಳ್ಳುತ್ತಾರೆ. ತಾವು ಓದದವರು, ಓದೋಕೆ ನಾಚುವವರು ಕೊಳ್ಳುತ್ತಾರೆ. ಯಾವುದಾದರೂ ಪುಸ್ತಕ ಮೇಳದಲ್ಲಿ ಮಕ್ಕಳ ಮಳಿಗೆ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಮಗು ಚಿತ್ರದ ಕತೆ ಪುಸ್ತಕ ಎತ್ತಿಕೊಳ್ಳುತ್ತೆ. ಅಪ್ಪ ಅದನ್ನು ಕೆಳಗಿಡಿಸಿ ಸಾಮಾನ್ಯ ಜ್ಞಾನ, ಮಹಾಪುರುಷರ ಜೀವನ ಚರಿತ್ರೆ, ನೂರೊಂದು ನೀತಿ ಕತೆ ಕೊಡಿಸುತ್ತಾನೆ. ಮಾತ್ರೆ ಕೊಂಡ ಹಾಗೆ. ತಾನು ನುಂಗಬೇಕಿಲ್ಲವಲ್ಲ, ಕಹಿ ಇದ್ದರೇನು! ಪ್ರಕಾಶಕರು ಏನು ಮಾಡ್ತಾರೆ? ಹೋಗುವ ಮಾತ್ರೆಯನ್ನೇ ಅಚ್ಚು ಹಾಕ್ತಾರೆ. ಹನ್ನೆರಡು ವರ್ಷದ ಹುಡುಗಿ ರಾತ್ರಿ ನಿದ್ದೆಗೆಟ್ಟು ಓದುವಂಥ ಇನ್ನೂರೈವತ್ತು ಪುಟದ ಕನ್ನಡ ಫ್ಯಾಂಟಸಿ ಯಾಕೆ ಕೈಗೆ ಸಿಗೋದಿಲ್ಲ ಅಂದರೆ, ಅದು ಸಿಗಬೇಕು ಅಂತ ಯಾವ ದೊಡ್ಡವನಿಗೂ ಅನ್ನಿಸಿಲ್ಲ. ಕೊಳ್ಳುವವನಿಗೆ ರುಚಿ ಗೊತ್ತಿಲ್ಲದ ಮೇಲೆ ಅಡುಗೆ ಹೇಗೆ ಸುಧಾರಿಸೀತು.

ಚಂದಮಾಮ ಕನ್ನಡದಲ್ಲಿ ಶುರುವಾಗಿದ್ದು 1949ರಲ್ಲಿ. ನಮ್ಮ ಮನೆಗೆ ಅದು ಬಂದರೆ ಮೊದಲು ಅಜ್ಜ, ಆಮೇಲೆ ಅಪ್ಪ, ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅಮ್ಮ, ಕೊನೆಗೆ ನಾವು. ಅಜ್ಜ ಮುಗಿಸೋವರೆಗೆ ಯಾರೂ ಮುಟ್ಟೋ ಹಾಗಿರಲಿಲ್ಲ. ಬಾಲಮಂಗಳದ ಡಿಂಗನಿಗೂ ಅಷ್ಟೇ ಕಾಯುವಿಕೆ. ಮನೆಗೆ ಬಂದ ನೆಂಟರು 'ಈ ಸಲದ್ದು ಬಂತಾ' ಅಂತ ಕೇಳುತ್ತಿದ್ದರು. ದೊಡ್ಡವರು ಓದುತ್ತಿದ್ದರಿಂದಲೇ ಅದು ಮನೆಗೆ ಬರುತ್ತಿತ್ತು ಅನ್ನೋದು ಈಗ ಯೋಚಿಸಿದರೆ ಹೊಳೆಯುತ್ತೆ. ಎರಡೂ ಈಗಿಲ್ಲ. ಕಾರಣ ನೂರಿವೆ, ಎಲ್ಲವನ್ನೂ ಟಿವಿ ಮತ್ತು ಫೋನಿನ ಮೇಲೆ ಹಾಕಿ ಕೈ ತೊಳೆದುಕೊಳ್ಳೋದು ಸುಲಭ.

ಈಗ ಏನಾಗಿದೆ? ಮಗಳು ಇಂಗ್ಲಿಷಲ್ಲಿ ಪಾಟರ್ ಓದುತ್ತಾಳೆ, ಒಬ್ಬಳೇ. ಅಪ್ಪನಿಗೆ ಅದು ಮಕ್ಕಳದ್ದು. ಅಜ್ಜಿಗೆ ಅದರ ಹೆಸರೂ ಗೊತ್ತಿಲ್ಲ. ಒಂದೇ ಮನೆಯಲ್ಲಿ ಮೂರು ತಲೆಮಾರು, ಮೂವರಿಗೂ ಗೊತ್ತಿರುವ ಒಂದು ಕತೆ ಇಲ್ಲ. ರಾಮಾನುಜನ್ ಸಂಗ್ರಹದಲ್ಲೇ ಒಂದು ಕತೆ ಇದೆ. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತೆ, ಯಾರಿಗೂ ಹೇಳದೆ ಇಟ್ಟುಕೊಂಡಿರ್ತಾಳೆ. ಉಸಿರುಗಟ್ಟಿದ ಅವೆರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಸೇಡು ತೀರಿಸಿಕೊಳ್ಳುತ್ತವೆ. ನಾಗಮಂಡಲ ನೋಡಿ ಚಪ್ಪಾಳೆ ಹೊಡೆದವರೆಲ್ಲ ಇದನ್ನು ನೋಡಿದ್ದೀರಿ, ಆ ನಾಟಕದ ಹೊರಗಿನ ಚೌಕಟ್ಟು ಹುಟ್ಟಿದ್ದು ಇಂಥದ್ದರಿಂದಲೇ.

ಹೇಳದೆ ಉಳಿದ ಕತೆ ಅಂದಾಗ ನೆನಪಾಯಿತು. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತು ಅನ್ನುವ ನಮ್ಮ ಈ ಸೀಮೆಯನ್ನು ಒಬ್ಬ ಹೆಂಗಸು ಆಳಿದಳು. ಜಕ್ಕಿಯಬ್ಬೆ. ಗಂಡ ಸತ್ತ ಮೇಲೆ ಅವನ ಅಧಿಕಾರ ಇವಳಿಗೆ ಬಂತು. ಹೆಣ್ಣಾದರೂ ಚೆನ್ನಾಗಿ ಆಳಿದಳು ಅಂತ ಶಾಸನ ಹೊಗಳುತ್ತದೆ (ಆ 'ಆದರೂ' ಒಂದಿಲ್ಲದಿದ್ದರೆ ಚೆನ್ನಾಗಿತ್ತು, ಇರಲಿ, ಸಾವಿರದ ನೂರು ವರ್ಷದ ಹಿಂದಿನ ಮಾತು). ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ಎಲ್ಲ ಒಪ್ಪಿಸಿ, 918ರಲ್ಲಿ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಆ ಕಲ್ಲು, ಆ ಬಸದಿಯ ಕಂಬಗಳು, ಸುತ್ತ ಕಾಡು. ನನ್ನ ಮಗಳಿಗೆ ಹಾಗ್ವಾರ್ಟ್ಸಿನ ಯಾವ ಮೆಟ್ಟಿಲು ಯಾವ ದಿನ ತಿರುಗುತ್ತೆ ಅಂತ ಗೊತ್ತು, ಇದು ಗೊತ್ತಿರಲಿಲ್ಲ. ಬಸದಿಯ ಮುಂದೆ ನಿಲ್ಲಿಸಿ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಆ ಮಗಳು ಏನು ಮಾಡಿದ್ಲು ಅಪ್ಪಾ ಆಮೇಲೆ?"

ಇದಕ್ಕಿಂತ ಒಳ್ಳೆಯ ಕಾದಂಬರಿಯ ಮೊದಲ ಸಾಲು ನಿಮಗೆ ಎಲ್ಲಿ ಸಿಗುತ್ತೆ? ಅಮ್ಮ ಉಪವಾಸ ಕೂತಿದ್ದಾಳೆ, ಎಪ್ಪತ್ತು ಹಳ್ಳಿಯ ಭಾರ ಹುಡುಗಿಯ ತಲೆ ಮೇಲೆ ಬಂದಿದೆ. ಸುತ್ತ ಆನೆ ಇದ್ದ ಕಾಡು, ಯಕ್ಷಿಯರು, ಅಲೆಮಾರಿ ಸಿದ್ಧರು. ಒಂದೆರಡು ಮಾತಾಡುವ ಗಿಳಿ ಬೇಕಾದರೆ ದುರ್ಗಸಿಂಹನಿಂದ ಸಾಲ ತಗೊಳ್ಳಿ. ಹರಿಹರನ ಹಾಗೆ ನೆಲದೊಳಗೆ ಒಂದು ಬಾಗಿಲು ಇರಲಿ. ನೀತಿ ಮಾತ್ರ ಬೇಡ, ದಯವಿಟ್ಟು.

ಇದನ್ನು ಓದುತ್ತಿರುವವರಲ್ಲಿ ಚೆನ್ನಾಗಿ ಬರೆಯುವವರು ಸುಮಾರು ಜನ ಇದ್ದೀರಿ, ಹೆಸರು ಹೇಳಿ ಮುಜುಗರ ಮಾಡಲ್ಲ. ಯಾರಾದರೂ ಬರೀರಿ. ಬರೆದರೆ ಒಂದು ಪ್ರತಿ ನನಗೆ ಕಳಿಸಿ, ಪೂರ್ತಿ ದುಡ್ಡು ಕೊಟ್ಟೇ ತಗೋತೀನಿ. ಒಳಗಡೆ 'ನಿಮ್ಮ ಮಗಳಿಗೆ' ಅಂತ ಮಾತ್ರ ಸಹಿ ಹಾಕಬೇಡಿ. ಅವಳು ನಾನು ಮುಗಿಸಿದ ಮೇಲೆ ಓದುತ್ತಾಳೆ.